ಮಾರಿಷಸ್‌ಗೆ ರಕ್ಷಣಾ ಸಾಮಗ್ರಿ ಕಳಿಸಬೇಕೇ? ಲೈಸೆನ್ಸ್ ಪಡೆಯುವ ದಾರಿ ಇದು

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಗುಂಡು ನಿರೋಧಕ ಹೆಲ್ಮೆಟ್ ತಯಾರಿಸುವ ಘಟಕ ನಿಮ್ಮದು ಅಂದುಕೊಳ್ಳಿ. ಮಾರಿಷಸ್ ಪೊಲೀಸರಿಗೆ ಹೆಲ್ಮೆಟ್ ಬೇಕಾಗಿದೆ ಎಂದು ಅಲ್ಲಿನ ಏಜೆಂಟರೊಬ್ಬರಿಂದ ಮೇಲ್ ಬಂದಿದೆ. ದರ ಹೇಳಿ, ಮುಂಗಡ ತಗೊಂಡು, ಮಾಲು ಕಳಿಸಿಬಿಡುವ ವ್ಯವಹಾರ ಇದಲ್ಲ.

ಭಾರತ ರಫ್ತು ಮಾಡಿದ ಮೊದಲ ಯುದ್ಧನೌಕೆ 'ಬರಾಕುಡಾ' ಹೋಗಿದ್ದು ಇದೇ ದ್ವೀಪಕ್ಕೆ. ಕೋಲ್ಕತ್ತದ ಗಾರ್ಡನ್ ರೀಚ್ ಕಾರ್ಖಾನೆಯಲ್ಲಿ ಕಟ್ಟಿದ ಆ ನೌಕೆ 2015ರ ಮಾರ್ಚ್‌ನಲ್ಲಿ ಅಲ್ಲಿ ಸೇವೆಗೆ ಸೇರಿತು. 2022ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಎಲ್ ಒಂದು ಧ್ರುವ್ ಹೆಲಿಕಾಪ್ಟರ್ ಪೂರೈಸಲು ಒಪ್ಪಂದ ಮಾಡಿಕೊಂಡಿತು. ಇವು ಸರ್ಕಾರಿ ಉದ್ದಿಮೆಗಳ ದೊಡ್ಡ ವ್ಯವಹಾರ. ಆದರೆ 2024-25ರಲ್ಲಿ ದೇಶದಿಂದ ರಫ್ತಾದ ₹23,622 ಕೋಟಿ ಮೌಲ್ಯದ ರಕ್ಷಣಾ ಸಾಮಗ್ರಿಯಲ್ಲಿ ₹15,233 ಕೋಟಿಯಷ್ಟು ಖಾಸಗಿಯವರದ್ದೇ. ಅವರಿಗೆಲ್ಲ ಲೈಸೆನ್ಸ್ ಬೇಕು.

ಮೊದಲು ನಿಮ್ಮ ಮಾಲು ಯಾವ ಪಟ್ಟಿಯಲ್ಲಿದೆ ನೋಡಿ. ನಿಯಂತ್ರಿತ ರಫ್ತಿನ ಪಟ್ಟಿಗೆ ನಮ್ಮಲ್ಲಿ 'ಸ್ಕೋಮೆಟ್' ಎನ್ನುತ್ತಾರೆ. ಅದರ 6ನೇ ವರ್ಗ ಶಸ್ತ್ರಾಸ್ತ್ರ ಮತ್ತು ಸೇನಾ ಸಾಮಗ್ರಿಯದ್ದು. ಸೇನಾ ಮಾನದಂಡಕ್ಕೆ ತಯಾರಾದ ಹೆಲ್ಮೆಟ್ 6ಎ013ರಲ್ಲಿ ಬರುತ್ತದೆ. ಏನೂ ಮಾರ್ಪಾಡು ಮಾಡದ ಸಾದಾ ಉಕ್ಕಿನ ಹೆಲ್ಮೆಟ್‌ಗೆ ಇದರಿಂದ ವಿನಾಯಿತಿ ಇದೆ. ನೋಡೋಕೆ ಎರಡೂ ಒಂದೇ ಥರ ಇರಬಹುದು, ಕಾನೂನಿಗೆ ಬೇರೆ ಬೇರೆ. ಹಾಗಾಗಿ ಕ್ಯಾಟಲಾಗ್ ಬದಿಗಿಟ್ಟು ಟೆಸ್ಟ್ ರಿಪೋರ್ಟ್ ಹಿಡಿದು ಕೂರಿ. ಇದರ ಜೊತೆಗೆ ಡ್ರಾಯಿಂಗ್, ತಾಂತ್ರಿಕ ವಿವರಗಳೂ ನಿಯಂತ್ರಣಕ್ಕೆ ಒಳಪಡುತ್ತವೆ. ಪರವಾನಗಿ ಇಲ್ಲದೆ ಅವನ್ನು ಮೇಲ್‌ನಲ್ಲಿ ಕಳಿಸಿದರೂ ಅದು ರಫ್ತೇ. ಗಿರಾಕಿ ಕೇಳಿದ ಕೂಡಲೇ ಸುಮ್ನೆ ಅಟ್ಯಾಚ್ ಮಾಡಿ ಕಳಿಸಬೇಡಿ.

ಐಇಸಿ (ಆಮದು-ರಫ್ತುದಾರರ ಕೋಡ್) ಸಂಖ್ಯೆ, ತಯಾರಿಕಾ ಪರವಾನಗಿ ಅಗತ್ಯವಿದ್ದರೆ ಅದು, ಆರ್ಡರ್ ಪ್ರತಿ, ಉತ್ಪನ್ನದ ತಾಂತ್ರಿಕ ವಿವರ ಇವನ್ನೆಲ್ಲ ಒಟ್ಟು ಮಾಡಿಕೊಳ್ಳುವುದು ಕಷ್ಟವೇನಲ್ಲ. ನಿಜವಾದ ಕೆಲಸ ಇರುವುದು 'ಎಂಡ್ ಯೂಸ್ ಸರ್ಟಿಫಿಕೇಟ್' ಎಂಬ ಕಾಗದದಲ್ಲಿ. ಮಾಲು ಏನು, ಎಷ್ಟು, ಕೊನೆಗೆ ಬಳಸುವವರು ಯಾರು, ಯಾವುದಕ್ಕೆ, ಬೇರೆಯವರಿಗೆ ದಾಟಿಸುವುದಿಲ್ಲ ಎಂಬ ಮಾತು, ಇಷ್ಟೂ ಅದರಲ್ಲಿರಬೇಕು. ಬಿಡಿಭಾಗಗಳಿಗೆ ನಿಯಮ ಸಡಿಲವಿದ್ದು, ಅಲ್ಲಿನ ಸರ್ಕಾರದ ಸಹಿ ಬೇಕಿಲ್ಲ. ಪೂರ್ಣ ಸಾಮಗ್ರಿಗೆ ಸರ್ಕಾರದ ಸಹಿಯೇ ಬೇಕು, ಏಜೆಂಟರ ಸಹಿ ಸಾಲದು. ಅವರು ಮಧ್ಯದವರು, ಹೆಲ್ಮೆಟ್ ತಲೆಗೆ ಹಾಕಿಕೊಳ್ಳುವವರಲ್ಲ.

ಇಲ್ಲಿ ಆ ದೇಶದ ಪರಿಚಯ ನಿಮಗಿರಬೇಕು. ಮಾರಿಷಸ್‌ಗೆ ಸೈನ್ಯವೇ ಇಲ್ಲ. ಕರಾವಳಿ ಕಾವಲು ಪಡೆ, ಅರೆಸೇನೆಯಂಥ ವಿಶೇಷ ಸಂಚಾರಿ ಪಡೆ ಎರಡೂ ಪೊಲೀಸ್ ಕಮಿಷನರ್ ಕೈಕೆಳಗೆ ಇವೆ. ಹಾಗಾಗಿ 'ಮಾರಿಷಸ್ ಆರ್ಮಿ' ಎಂಬ ಲೆಟರ್‌ಹೆಡ್‌ನಲ್ಲಿ ಸರ್ಟಿಫಿಕೇಟ್ ಬಂದರೆ ಅಲ್ಲಿಗೇ ನಿಲ್ಲಿಸಿ. ಸಂಖ್ಯೆಯನ್ನೂ ತೂಗಿ ನೋಡಿ. ಜನಸಂಖ್ಯೆ ಸುಮಾರು 12.5 ಲಕ್ಷ ಇರುವ ದೇಶದ ಪೊಲೀಸರಿಗೆ ಒಂದು ಲಕ್ಷ ಹೆಲ್ಮೆಟ್ ಯಾಕೆ ಬೇಕು, ಅಲ್ವಾ? ಮಿಕ್ಕ ಮಾಲು ಇನ್ನೆಲ್ಲಿಗೋ ಹೋಗುತ್ತದೆ ಎಂದೇ ಅರ್ಥ. ಸಣ್ಣ ದೇಶದ ಹೆಸರಿನಲ್ಲಿ ಆರ್ಡರ್ ಹಾಕಿ, ಯಾವುದೋ ಕಾದಾಟದ ಜಾಗಕ್ಕೆ ಸಾಗಿಸುವುದು ಶಸ್ತ್ರದ ಕಳ್ಳವ್ಯಾಪಾರದಲ್ಲಿ ಹಳೆಯ ದಾರಿ. ಇದನ್ನು ಪತ್ತೆ ಹಚ್ಚುವುದು ಸರ್ಕಾರದ ಕೆಲಸ, ನಮಗ್ಯಾಕೆ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಗಿರಾಕಿಯ ಜೊತೆ ಮೊದಲು ಮಾತಾಡುವವರು ನೀವು. ಅನುಮಾನ ಮೊದಲು ಬರಬೇಕಾದದ್ದೂ ನಿಮಗೇ. ಪೋರ್ಟ್ ಲೂಯಿಯಲ್ಲಿ ಭಾರತದ ಹೈಕಮಿಷನ್ ಇದೆ, ಬರೆದು ಕೇಳಿ.

ಕಾಗದ ಸರಿಯಿದ್ದರೆ ಮುಂದಿನದು ಆನ್‌ಲೈನ್ ಅರ್ಜಿ. 6ನೇ ವರ್ಗಕ್ಕೆ ಅನುಮತಿ ಕೊಡುವುದು ರಕ್ಷಣಾ ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆ. ಅದರ ರಫ್ತು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಸ್ಕೋಮೆಟ್‌ನ ಬೇರೆ ಬಹುತೇಕ ವರ್ಗಗಳನ್ನು ನೋಡಿಕೊಳ್ಳುವುದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ತಪ್ಪು ಬಾಗಿಲು ತಟ್ಟಿದರೆ ವಾರಗಳು ಹಾಳು. ಮಾಲಿನ ಸೂಕ್ಷ್ಮತೆ ನೋಡಿಕೊಂಡು ಇಲಾಖೆ ವಿದೇಶಾಂಗ ಸಚಿವಾಲಯ, ಡಿಆರ್‌ಡಿಒ ಮುಂತಾದವರ ಅಭಿಪ್ರಾಯ ಕೇಳುತ್ತದೆ. ಟೆಂಡರ್‌ಗೋ ಪ್ರದರ್ಶನಕ್ಕೋ ಸ್ಯಾಂಪಲ್ ಒಯ್ಯುವುದಿದ್ದರೂ ಅನುಮತಿ ಬೇಕು.

ಅನುಮತಿ ಪತ್ರ ಕೈಗೆ ಬಂದ ಮೇಲೆ, ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ದಾಖಲೆಯಾದ ಶಿಪ್ಪಿಂಗ್ ಬಿಲ್‌ನಲ್ಲಿ ಅದರ ವಿವರ ನಮೂದಿಸಿ. ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಅನುಮತಿ ಪತ್ರ ಮೂರರಲ್ಲೂ ಮಾಲಿನ ವಿವರಣೆ ಒಂದೇ ಥರ ಇರಲಿ. ಒಂದರಲ್ಲಿ 'ಬ್ಯಾಲಿಸ್ಟಿಕ್ ಹೆಲ್ಮೆಟ್', ಇನ್ನೊಂದರಲ್ಲಿ ಬರೀ 'ಸೇಫ್ಟಿ ಹೆಲ್ಮೆಟ್' ಎಂದಿದ್ದರೆ ಕಸ್ಟಮ್ಸ್‌ನವರು ತಡೆಯುತ್ತಾರೆ, ತಡೆಯಲೂ ಬೇಕು. ವಿದೇಶಿ ವ್ಯಾಪಾರ ಕಾಯ್ದೆಯ ಪ್ರಕಾರ ನಿಯಂತ್ರಿತ ಮಾಲಿನ ರಫ್ತಿನಲ್ಲಿ ಮೊದಲ ಸಲ ತಪ್ಪಿದರೆ ದಂಡ ₹3 ಲಕ್ಷದಿಂದ ₹20 ಲಕ್ಷದವರೆಗೆ. ಮತ್ತೆ ತಪ್ಪಿದರೆ ಜೈಲು.

ಮಾಲು ತಲುಪಿದ ಮೇಲೆ ಪೊಲೀಸ್ ಇಲಾಖೆಯಿಂದಲೇ ಸ್ವೀಕೃತಿ ಪತ್ರ ತರಿಸಿ ಫೈಲ್‌ನಲ್ಲಿಡಿ. ಅದೇ ಗಿರಾಕಿ ಅದೇ ಹೆಲ್ಮೆಟ್ ಮತ್ತೆ ಕೇಳಿದರೆ ಹೊಸ ಅರ್ಜಿ ಹಾಕಲೇಬೇಕು. ಆದರೆ ಮರು ಆರ್ಡರ್‌ಗೆ ಬೇರೆ ಸಚಿವಾಲಯಗಳ ಅಭಿಪ್ರಾಯ ಕೇಳುವ ಹಂತ ಇಲ್ಲ, ಬೇಗ ಮುಗಿಯುತ್ತದೆ.