ಪರಿಹಾರದ ಹಣ ಬಂತು, ಇನ್ನು ಬದುಕು ಕಟ್ಟುವುದು ಹೇಗೆ?

2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ಉಕ್ಕಿದಾಗ ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ಹೊಳೆದಂಡೆಯ ಹೊಲಗಳಲ್ಲಿ ತೊಗರಿ, ಹತ್ತಿ ನಿಂತಲ್ಲೇ ಕೊಳೆತವು. ವಿಪತ್ತು ನಿಧಿಯ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಅದರ ಮೇಲೆ ರಾಜ್ಯ ಸರ್ಕಾರ ಇನ್ನೂ 8,500 ಸೇರಿಸಿದ್ದರಿಂದ 17,000 ಆಯಿತು. ನೀರಾವರಿಗೆ 25,500, ಬಹುವಾರ್ಷಿಕ ಬೆಳೆಗೆ 31,000. ಎರಡು ಹೆಕ್ಟೇರ್‌ವರೆಗೆ ಮಾತ್ರ.

ಎಕರೆ ಲೆಕ್ಕಕ್ಕೆ ಇಳಿಸಿದರೆ ಮಳೆಯಾಶ್ರಿತ ಹೊಲಕ್ಕೆ ಏಳು ಸಾವಿರವೂ ಮುಟ್ಟುವುದಿಲ್ಲ. ಹೋದ ಬೆಳೆಯ ಬೆಲೆ ಇದರಿಂದ ಬರದು. ಆದರೆ ಹಳ್ಳಿಯ ಮನೆಗೆ ಬರುವ ಸರ್ಕಾರಿ ಹಣ ಇದೊಂದೇ ಅಲ್ಲವಲ್ಲ. 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿಯಿಂದ ಮನೆಯೊಡತಿಗೆ ತಿಂಗಳಿಗೆ 2,000 ಇದೆ. ಪಿಎಂ ಕಿಸಾನ್‌ನಿಂದ ವರ್ಷಕ್ಕೆ ಮೂರು ಕಂತಿನಲ್ಲಿ 6,000 ಇದೆ. ಒಮ್ಮೆಗೇ ಬರುವ ಇಡಿಗಂಟನ್ನೂ ತಿಂಗಳ ಹಣವನ್ನೂ ಒಂದೇ ಡಬ್ಬಿಗೆ ಸುರಿದರೆ ಎರಡೂ ಕರಗುತ್ತವೆ. ಇಡಿಗಂಟು ದುಡಿಯುವ ವಸ್ತುವಿಗೆ, ತಿಂಗಳ ಹಣ ಹೊಟ್ಟೆಗೆ ಮತ್ತು ಆ ವಸ್ತುವಿನ ಪಾಲನೆಗೆ ಎಂದು ಮೊದಲೇ ಬೇರೆ ಮಾಡಿಡಿ. ಕೀನ್ಯಾದ ರರಿಯೇಡಾ ಭಾಗದ ಹಳ್ಳಿಗಳಲ್ಲಿ ಬಡ ಕುಟುಂಬಗಳಿಗೆ ಷರತ್ತಿಲ್ಲದೆ ನಗದು ಕೊಟ್ಟು ಅಧ್ಯಯನ ಮಾಡಿದಾಗ ಕಂಡದ್ದೂ ಇದೇ. ಒಟ್ಟಿಗೆ ಪಡೆದವರಲ್ಲಿ ಬಾಳಿಕೆಯ ವಸ್ತು ಹೆಚ್ಚಿದವು, ತಿಂಗಳ ಕಂತಿನಲ್ಲಿ ಪಡೆದವರ ಮನೆಯಲ್ಲಿ ಊಟ ಸುಧಾರಿಸಿತು. ಹೆಂಡ, ತಂಬಾಕಿನ ಖರ್ಚು ಏರಲಿಲ್ಲ. ಪುಕ್ಕಟೆ ಹಣ ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಎನ್ನುವ ಕಟ್ಟೆಯ ಪಂಡಿತರಿಗೆ ಇದನ್ನು ಹೇಳಿ ನೋಡಬಹುದು.

ಮೊದಲ ಹೆಜ್ಜೆ: ಹಣ ಯಾವ ಖಾತೆಗೆ ಬಿತ್ತು?

ಅರ್ಧ ಜಗಳ ಇಲ್ಲೇ ಇರುತ್ತದೆ. ನೇರ ವರ್ಗಾವಣೆಯ ಹಣ ನೀವು ಬರೆದುಕೊಟ್ಟ ಖಾತೆ ಸಂಖ್ಯೆಗಿಂತ ಹೆಚ್ಚಾಗಿ ಆಧಾರ್ ಹಿಂದೆ ಹೋಗುತ್ತದೆ. ಒಂದು ಆಧಾರ್‌ಗೆ ಒಂದು ಹೊತ್ತಿಗೆ ಒಂದೇ ಬ್ಯಾಂಕ್ ಜೋಡಣೆ. ಎಂದೋ ಸಂಘದ ಸಾಲಕ್ಕೆಂದು ತೆರೆದು ಮರೆತ ಖಾತೆಗೆ ಕೊನೆಯದಾಗಿ ಆಧಾರ್ ಜೋಡಿಸಿದ್ದರೆ ಹಣ ಅಲ್ಲಿ ಹೋಗಿ ಕೂತಿರುತ್ತದೆ. ಇತ್ತ ನೀವು ಬೇರೊಂದು ಪಾಸ್‌ಬುಕ್ ಹಿಡಿದು ಎಂಟ್ರಿ ಮಾಡಿಸುತ್ತಲೇ ಇರುತ್ತೀರಿ. ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ಆಧಾರ್ ಜಾಲತಾಣದಲ್ಲಿ ನೋಡಬಹುದು. ಯಾವ ಯೋಜನೆಯ ಹಣ ಯಾವಾಗ, ಎಲ್ಲಿಗೆ ಬಂತು ಎಂಬುದನ್ನು ‘ಡಿಬಿಟಿ ಕರ್ನಾಟಕ’ ಆ್ಯಪ್ ತೋರಿಸುತ್ತದೆ. ಮನೆಯಲ್ಲಿ ಕಾಲೇಜು ಓದುವ ಹುಡುಗಿಯಿದ್ದರೆ ಐದು ನಿಮಿಷದ ಕೆಲಸ.

ಬೆಳೆ ಪರಿಹಾರಕ್ಕೆ ಇನ್ನೊಂದು ತೊಡಕಿದೆ. ಫ್ರೂಟ್ಸ್ ಐಡಿಗೆ, ಅಂದರೆ ಸರ್ಕಾರ ಕೊಡುವ ರೈತ ನೋಂದಣಿ ಸಂಖ್ಯೆಗೆ, ಹೊಲದ ಎಲ್ಲ ಸರ್ವೆ ನಂಬರ್ ಸೇರಿರಬೇಕು. ಮೂರು ತುಂಡು ಹೊಲವಿದ್ದು ಎರಡೇ ಸೇರಿದ್ದರೆ ಎರಡಕ್ಕಷ್ಟೇ ಹಣ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ ಆ ಹೊಲದ ಪರಿಹಾರಕ್ಕೆ ವಾರಸುದಾರರು ಅಲೆಯಬೇಕಾಗುತ್ತದೆ. ಹೊಲವನ್ನು ವಾರಸುದಾರರ ಹೆಸರಿಗೆ ತರುವ ಪೌತಿ ಖಾತೆ ಮಾಡಿಸಲು ನೆರೆ ಬರುವವರೆಗೆ ಕಾಯಬೇಡಿ, ಗ್ರಾಮ ಆಡಳಿತ ಅಧಿಕಾರಿಯ ಬಳಿ ಈಗಲೇ ಅರ್ಜಿ ಕೊಡಿ.

ಬೇರೆಯವರ ಹೊಲವನ್ನು ಲಾವಣಿ (ಗೇಣಿ) ಹಾಕಿಕೊಂಡು ಬಿತ್ತಿದವರ ಕಷ್ಟ ಬೇರೆ. ಬೀಜ, ಬೆವರು ಅವರದು, ಪರಿಹಾರ ಮಾತ್ರ ಪಹಣಿಯಲ್ಲಿ ಹೆಸರಿದ್ದವರಿಗೆ. ಈ ಅನ್ಯಾಯಕ್ಕೆ ಸದ್ಯ ಇರುವ ದಾರಿ ಒಂದೇ: ಲಾವಣಿ ಮಾತಾಡುವಾಗಲೇ, ಬೆಳೆ ಹೋಗಿ ಹಣ ಬಂದರೆ ಯಾರಿಗೆಷ್ಟು ಎಂದು ಹಿರಿಯರ ಮುಂದೆ ಬರೆದಿಟ್ಟುಕೊಳ್ಳುವುದು.

ಕುರಿ, ಆಡು, ಎಮ್ಮೆ ಸತ್ತಿದ್ದರೆ ಅದಕ್ಕೂ ಪರಿಹಾರ ಉಂಟು. 2022ರಿಂದ 26ರವರೆಗಿನ ನಿಯಮದಲ್ಲಿ ಹಾಲಿನ ಹಸು ಅಥವಾ ಎಮ್ಮೆಗೆ 37,500, ಕುರಿ-ಆಡಿಗೆ ತಲಾ 4,000 ಇತ್ತು. ಹೂಳುವ ಮುಂಚೆ ಪಶುವೈದ್ಯರಿಂದ ದೃಢೀಕರಣ ಮಾಡಿಸಿ, ಫೋಟೋ ತೆಗೆದಿಡಿ. ಹೂತ ಮೇಲೆ ಸಾಕ್ಷಿ ಎಲ್ಲಿಂದ ತರುವುದು?

ಎರಡನೆಯದು: ಸಾಲಗಾರರಿಗಿಂತ ಮೊದಲು ಬೀಜ

ಹಣ ಜಮಾ ಆದ ಸುದ್ದಿ ನಿಮಗಿಂತ ಮುಂಚೆ ಸಾಲ ಕೊಟ್ಟವರಿಗೆ ತಿಳಿದಿರುತ್ತದೆ. ಬ್ಯಾಂಕೇ ಹಳೆ ಸಾಲಕ್ಕೆ ಮುರಿದುಕೊಂಡರೆ ಸುಮ್ಮನಿರಬೇಡಿ. ಬರ ಪರಿಹಾರವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬಾರದೆಂದು 2024ರಲ್ಲೇ ಬ್ಯಾಂಕುಗಳಿಗೆ ಸರ್ಕಾರ ಸೂಚಿಸಿತ್ತು. ಮ್ಯಾನೇಜರ್‌ಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯನ್ನು ತಹಶೀಲ್ದಾರರಿಗೂ ಕೊಡಿ. ಫೈನಾನ್ಸ್‌ನವರು ಮನೆ ಬಾಗಿಲಲ್ಲಿ ಕೂತು ಕಾಡಿದರೆ 2025ರ ಕಿರುಸಾಲ ಕಾಯ್ದೆ ನಿಮ್ಮ ಕಡೆಗಿದೆ. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಎನ್ನುತ್ತದೆ ಅದು.

ಸಾಲ ತೀರಿಸಲೇಬಾರದು ಎಂದಲ್ಲ, ಸರದಿ ಮುಖ್ಯ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಯ ಕೈಸಾಲ ವರ್ಷಕ್ಕೆ ನೂರಕ್ಕೆ ಅರವತ್ತು ತಿನ್ನುತ್ತದೆ. ಅದಕ್ಕಿಂತ ಹೆಚ್ಚು ಗಳಿಸಿಕೊಡುವ ಆಡು ಯಾವ ಸಂತೆಯಲ್ಲೂ ಇಲ್ಲ. ಅಂಥದ್ದು ಸಣ್ಣ ಮೊತ್ತವಾದರೆ ಮೊದಲು ಚುಕ್ತಾ ಮಾಡಿ. ಸೊಸೈಟಿಯ ಬೆಳೆ ಸಾಲಕ್ಕೆ ಅಷ್ಟು ಅವಸರವಿಲ್ಲ, ಅದಕ್ಕೆ ಅವಧಿ ವಿಸ್ತರಣೆ ಸಿಗುತ್ತದೆಯೇ ಎಂದು ಕೇಳಿ. ಈ ಎರಡನ್ನೂ ನೋಡುವ ಮುಂಚೆ ಹಿಂಗಾರಿ ಬೀಜದ ಹಣವನ್ನು ತೆಗೆದಿಟ್ಟಿರಬೇಕು.

ಮೂರನೆಯದು: ಹಸಿ ಆರುವ ಮುಂಚೆ ಬಿತ್ತನೆ

ನೆರೆ ಇಳಿದ ಎರೆಭೂಮಿಯಲ್ಲಿ ಹಸಿ ಇರುತ್ತದೆ. ಕಡಲೆ, ಬಿಳಿಜೋಳಕ್ಕೆ ಅಕ್ಟೋಬರ್ ತಿಂಗಳೇ ಹದ. ಆಗ ಹಣ ಬಂದಿಲ್ಲವೆಂದು ಬಿತ್ತನೆ ಬಿಟ್ಟರೆ ಮುಂದಿನ ಮುಂಗಾರಿನವರೆಗೆ ಹೊಲ ಬರಿದು. ಹಾಗಾಗಿ ಬೀಜಕ್ಕೆ ಸ್ವಸಹಾಯ ಸಂಘದಿಂದ ಕಡಿಮೆ ಬಡ್ಡಿಗೆ ಎತ್ತಿ ಬಿತ್ತಿ, ಪರಿಹಾರ ಬಂದಾಗ ಅದನ್ನು ತೀರಿಸುವುದೇ ಜಾಣತನ. ಎಕರೆಗೆ ಕಡಲೆ ಬೀಜ 20ರಿಂದ 25 ಕಿಲೋ ಬೇಕು, ಜೋಳ ಮೂರು ಕಿಲೋ ಸಾಕು. ಕೈಯಲ್ಲಿ ತೀರಾ ಕಾಸಿಲ್ಲದವರಿಗೆ ಜೋಳ ಅಗ್ಗ, ಜತೆಗೆ ದನಕ್ಕೆ ಕಣಿಕೆಯೂ ಸಿಗುತ್ತದೆ. ಜೆಜಿ-11 ತಳಿಯ ಕಡಲೆ ಸುಮಾರು ನೂರು ದಿನಕ್ಕೆ ಬರುತ್ತದೆ. ರಿಯಾಯಿತಿ ಬೀಜಕ್ಕೆ ರೈತ ಸಂಪರ್ಕ ಕೇಂದ್ರಕ್ಕೆ ಬೇಗ ಹೋಗಿ. ನೀರು ನಿಂತ ನೆಲದಲ್ಲಿ ಸೊರಗು ರೋಗದ ಭಯವಿದೆ. ಕಿಲೋ ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮ ಎಂಬ ಜೈವಿಕ ಔಷಧಿ ಹಚ್ಚುವ ಖರ್ಚನ್ನು ಉಳಿಸಲು ಹೋಗಬೇಡಿ.

ನಾಲ್ಕನೆಯದು: ಉಳಿದದ್ದರಲ್ಲಿ ಒಂದೇ ವಸ್ತು

ಹೆಣ್ಣುಮಕ್ಕಳು ಗೃಹಲಕ್ಷ್ಮಿ ಹಣ ಕೂಡಿಟ್ಟು ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ ಕೊಂಡದ್ದನ್ನು ಓದಿರುತ್ತೀರಿ. ಗದಗ ಜಿಲ್ಲೆಯಲ್ಲಿ ಅತ್ತೆ-ಸೊಸೆ ಸೇರಿ ಬೋರ್‌ವೆಲ್ ಕೊರೆಸಿದ್ದೂ ಸುದ್ದಿಯಾಗಿತ್ತು. ಅವರಿಗೆ ನೀರು ಬಿತ್ತು. ಬೀಳದಿದ್ದರೆ ಸುದ್ದಿ ಆಗುತ್ತಿರಲಿಲ್ಲ. ಕೈಯಲ್ಲಿರುವುದು ಅಷ್ಟೇ ಹಣ ಎಂದಾದರೆ ಬೋರ್‌ವೆಲ್ ಜೂಜಿಗೆ ಇಳಿಯಬೇಡಿ.

ಹೊಲವಿಲ್ಲದ ಕೂಲಿ ಕುಟುಂಬಕ್ಕೆ ಬೆಳೆ ಪರಿಹಾರದ ಮಾತೇ ಇಲ್ಲ, ತಿಂಗಳ ಎರಡು ಸಾವಿರವೇ ಗತಿ. ಅಂಥವರು ಎಂಟು-ಹತ್ತು ಮಂದಿ ಸೇರಿ ತಿಂಗಳಿಗೆ ತಲಾ ಐದುನೂರರಿಂದ ಸಾವಿರ ಹಾಕಿ, ಸರದಿಯಂತೆ ಒಬ್ಬೊಬ್ಬರು ಎತ್ತಿಕೊಂಡರೆ ಸಣ್ಣ ಹಣವೇ ಇಡಿಗಂಟಾಗುತ್ತದೆ. ಇದನ್ನು ಗುರುತಿಲ್ಲದ ಚೀಟಿಯವರ ಹತ್ತಿರ ಮಾಡದೆ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದೊಳಗೇ ಮಾಡಿ. ಪುಸ್ತಕದಲ್ಲಿ ಬರೆದಿರಬೇಕು, ಓದಲು ಬಾರದವರಿಗೂ ಪ್ರತಿ ಸಭೆಯಲ್ಲಿ ಓದಿ ಹೇಳಬೇಕು.

ಆ ದುಡ್ಡಿಗೆ ಆಡು ಒಳ್ಳೆಯ ಆಯ್ಕೆ. ಗಬ್ಬ ಐದು ತಿಂಗಳದ್ದು, ಒಂದೂವರೆ ವರ್ಷದೊಳಗೆ ಎರಡು ಸಲ ಮರಿ ಹಾಕಬಹುದು. ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದರೆ ಒಂದು ಹೋತ ಮಾರಿದರಾಯಿತು, ಕೈಸಾಲ ಬೇಡ. ಕೊಳ್ಳುವಾಗ ಒಂದೇ ಸಂತೆಯಲ್ಲಿ ಐದು ಕೊಳ್ಳಬೇಡಿ. ಊರಲ್ಲೇ ಮೇಯ್ದ, ಒಮ್ಮೆ ಮರಿ ಹಾಕಿದ ಎರಡು ಆಡು ಸಾಕು. ಹಲ್ಲು ನೋಡಿ, ಕೆಚ್ಚಲು ಮುಟ್ಟಿ ನೋಡಿ. ಮೂಗಿನಿಂದ ಸಿಂಬಳ ಸುರಿಯುವುದನ್ನು ಎಷ್ಟು ಅಗ್ಗವಾದರೂ ಮನೆಗೆ ತರಬೇಡಿ. ಹೊಸದನ್ನು ಎರಡು ವಾರ ಬೇರೆ ಕಟ್ಟಿ. ಹಿರೇಬೇನೆಗೆ (ಪಿಪಿಆರ್) ಲಸಿಕೆ, ಮಳೆಗಾಲಕ್ಕೆ ಮುನ್ನ ಕರುಳುಬೇನೆಗೆ ಲಸಿಕೆ ಹಾಕಿಸಬೇಕು. ಜಂತಿನ ಔಷಧಿಯನ್ನೂ ಮರೆಯುವಂತಿಲ್ಲ. ಲಸಿಕೆ ತಪ್ಪಿಸಿ ಹಿಂಡನ್ನು ಕಳೆದುಕೊಂಡವರು ಪ್ರತಿ ಊರಲ್ಲೂ ಸಿಗುತ್ತಾರೆ.

ಹೊಲಿಗೆ ಯಂತ್ರವಾದರೆ ಮೊದಲು ಓಣಿಯಲ್ಲಿ ಈಗಾಗಲೇ ಎಷ್ಟು ಯಂತ್ರ ಓಡುತ್ತಿವೆ ಎಂದು ಎಣಿಸಿ. ಎಲ್ಲರೂ ಅದನ್ನೇ ಕೊಂಡರೆ ಬ್ಲೌಸ್ ಹೊಲಿಯುವ ಕೂಲಿ ಇಳಿಯುತ್ತದೆ.

ಐದನೆಯದು: ತಿಂಗಳ ಹಣದ ಪಾಲು

ಗೃಹಲಕ್ಷ್ಮಿ ಹಣ ಎರಡು-ಮೂರು ತಿಂಗಳು ತಡವಾಗುವುದು ಹೊಸದಲ್ಲ. ಅದನ್ನೇ ನಂಬಿ ಕಂತಿನ ಮೇಲೆ ಟಿವಿ, ಮೊಬೈಲ್ ತಂದರೆ ತಡವಾದ ತಿಂಗಳು ಕಂತಿಗೆ ಸಾಲ ಎತ್ತಬೇಕಾಗುತ್ತದೆ. ಬಂದ ಎರಡು ಸಾವಿರದಲ್ಲಿ ರೇಷನ್ ಮತ್ತು ಮಕ್ಕಳ ಖರ್ಚು ಕಳೆದು, ಐದುನೂರನ್ನಾದರೂ ಆಡಿನ ಹೊಟ್ಟು, ಔಷಧಿ, ಯಂತ್ರದ ದುರಸ್ತಿಗೆ ಬೇರೆ ಇಡಿ. ಹಣ ತೆಗೆಯುವುದು ಮನೆಯೊಡತಿಯ ಕೈಯಲ್ಲೇ ಇರಲಿ. ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿದರೆ ಪ್ರತಿ ಸಲ ರಸೀದಿ ಕೇಳಿ. ‘ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತು ಅಕ್ಕ’ ಎಂದರೆ ಮೊದಲ ಸಲದ್ದು ಕಡಿತವಾಗಿದೆಯೇ ಎಂದು ಎಸ್ಸೆಮ್ಮೆಸ್ ನೋಡಿಯೇ ಒತ್ತಿ.

ಆರನೆಯದು: ವಿಮೆ

ಫಸಲ್ ಬಿಮಾ ಬೆಳೆ ವಿಮೆಯ ಕಂತು ಹಿಂಗಾರಿ ಆಹಾರಧಾನ್ಯ, ಎಣ್ಣೆಕಾಳಿಗೆ ವಿಮಾ ಮೊತ್ತದ ಶೇ 1.5, ಮುಂಗಾರಿಗೆ ಶೇ 2; ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ 5. ಪರಿಹಾರದ ಹಣದಲ್ಲಿ ಮೊದಲು ಮುರಿಯಬೇಕಾದ ನೋಟುಗಳಲ್ಲಿ ಇದೂ ಒಂದು. ಕೊನೆಯ ದಿನಾಂಕ ಬೆಳೆಯಿಂದ ಬೆಳೆಗೆ ಬೇರೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಪಾವತಿ ರಸೀದಿಯಲ್ಲಿ ಸರ್ವೆ ನಂಬರ್, ಬೆಳೆಯ ಹೆಸರು ಸರಿಯಿದೆಯೇ ಎಂದು ಅಲ್ಲೇ ನಿಂತು ನೋಡಿ. ಹೊಲದಲ್ಲಿ ಕಡಲೆಯಿದ್ದು ರಸೀದಿಯಲ್ಲಿ ಜೋಳ ಎಂದಿದ್ದರೆ ಆಮೇಲೆ ಯಾರೂ ಕೇಳುವುದಿಲ್ಲ. ಆಲಿಕಲ್ಲಿನಂಥ ಸ್ಥಳೀಯ ವಿಕೋಪದಿಂದ ಬೆಳೆ ಹೋದರೆ 72 ಗಂಟೆಯೊಳಗೆ ತಿಳಿಸಬೇಕು. ವಿಮಾ ಕಂಪನಿಯ ಫೋನ್ ಸಂಖ್ಯೆಯನ್ನು ಆ ರಸೀದಿಯ ಬೆನ್ನಿಗೇ ಬರೆದು, ಪಹಣಿಯ ಜತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನೀರು ಮುಟ್ಟದ ಎತ್ತರದಲ್ಲಿ ಇಡಿ.