ಪಕ್ಷೇತರರಾಗಿ ನಿಲ್ಲುತ್ತೀರಾ? ಮೊದಲು ಹತ್ತು ಸಹಿ ಸರಿ ಮಾಡಿಕೊಳ್ಳಿ

2023ರ ಏಪ್ರಿಲ್ 20. ವಿಧಾನಸಭಾ ಚುನಾವಣೆಗೆ ನಾಮಪತ್ರ ಸಲ್ಲಿಸಲು ಕೊನೆಯ ದಿನ. ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ಮುಂದೆ ನಾನು ನಿಂತಿದ್ದೆ. ಪರಿಚಯದ ರೈತರೊಬ್ಬರು ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಕಾಗದದ ಕಟ್ಟು ಹಿಡಿದು ಓಡಿ ಬಂದರು. ಪಕ್ಷೇತರರಾಗಿ ನಿಲ್ಲಬೇಕೆಂದು ಎರಡು ವರ್ಷದಿಂದ ಹಳ್ಳಿ ಹಳ್ಳಿ ತಿರುಗಿದ್ದವರು ಅವರು. ಮರುದಿನ ಪರಿಶೀಲನೆಯಲ್ಲಿ ನಾಮಪತ್ರ ತಿರಸ್ಕೃತವಾಯಿತು. ಸಹಿ ಹಾಕಿದ್ದ ಹತ್ತು ಸೂಚಕರಲ್ಲಿ, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸುವ ಮತದಾರರಲ್ಲಿ, ಇಬ್ಬರು ಪಕ್ಕದ ಕ್ಷೇತ್ರದ ಮತದಾರರಾಗಿದ್ದರು. ಆ ರೈತರ ಹೆಸರು ಮತಯಂತ್ರದವರೆಗೂ ಹೋಗಲಿಲ್ಲ. ಆ ಹೊಟ್ಟೆಯುರಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಪಕ್ಷೇತರರಿಗೆ ಯಾರು ಓಟು ಹಾಕುತ್ತಾರೆ ಅನ್ನುವ ಮಾತನ್ನು ನಂಬಬೇಡಿ. ಕೋಲಾರದಲ್ಲಿ ವರ್ತೂರು ಪ್ರಕಾಶ್ 2008 ಮತ್ತು 2013ರಲ್ಲಿ ಪಕ್ಷೇತರರಾಗಿಯೇ ಗೆದ್ದರು. ಮುಳಬಾಗಿಲಿನಲ್ಲಿ 2013ರಲ್ಲಿ ಕೊತ್ತೂರು ಮಂಜುನಾಥ್, 2018ರಲ್ಲಿ ಎಚ್. ನಾಗೇಶ್ ಗೆದ್ದರು. ಗೌರಿಬಿದನೂರಿನಲ್ಲಿ 2023ರಲ್ಲಿ ಪುಟ್ಟಸ್ವಾಮಿ ಗೌಡರು ಗೆದ್ದರು. ಹಾಗೆಯೇ ಕಾಗದದ ಬೆಲೆ ಎಷ್ಟು ಅಂತಲೂ ಮುಳಬಾಗಿಲು ತೋರಿಸಿಕೊಟ್ಟಿದೆ. 2018ರಲ್ಲಿ ಅಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರವೇ ತಿರಸ್ಕೃತವಾಗಿತ್ತು. ದೊಡ್ಡ ಪಕ್ಷಕ್ಕೇ ಹೀಗಾದರೆ, ವಕೀಲರ ಪಡೆ ಇಲ್ಲದ ನಮ್ಮಂಥವರು ಎಷ್ಟು ಎಚ್ಚರ ಇರಬೇಕು ಅಲ್ವಾ?

ಅರ್ಹತೆಯ ವಿಷಯ ಸುಲಭ. ನಿಮಗೆ 25 ವರ್ಷ ತುಂಬಿರಬೇಕು, ಕರ್ನಾಟಕದ ಯಾವುದಾದರೂ ವಿಧಾನಸಭಾ ಕ್ಷೇತ್ರದಲ್ಲಿ ಮತದಾರರಾಗಿರಬೇಕು. ನಿಲ್ಲುವ ಕ್ಷೇತ್ರ ಬೇರೆಯಾದರೆ ನಿಮ್ಮ ಹೆಸರಿರುವ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ಬೇಕು. ಮುಳಬಾಗಿಲು, ಬಂಗಾರಪೇಟೆ, ಕೆಜಿಎಫ್ ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರಗಳು. ಅಲ್ಲಿ ನಿಲ್ಲುವವರು ಜಾತಿ ಪ್ರಮಾಣಪತ್ರವನ್ನು ಆರು ತಿಂಗಳು ಮೊದಲೇ ತೆಗೆದು ನೋಡಿಕೊಳ್ಳಿ.

ಹತ್ತು ಜನ ಸೂಚಕರು

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು, ಮತ್ತು ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಜನ ಎಡವುವುದು ಇಲ್ಲೇ. ತಾಲ್ಲೂಕೇ ಕ್ಷೇತ್ರ ಅಂದುಕೊಂಡುಬಿಡುತ್ತಾರೆ. ತಾಲ್ಲೂಕಿನ ಗಡಿ ಬೇರೆ, ಕ್ಷೇತ್ರದ ಗಡಿ ಬೇರೆ. ನಿಮ್ಮ ಹೋಬಳಿ ಯಾವ ಕ್ಷೇತ್ರಕ್ಕೆ ಸೇರಿದೆ ಅಂತ ಬಾಯಿಮಾತಿನಲ್ಲಿ ಕೇಳಬೇಡಿ, ಪಟ್ಟಿ ತೆಗೆದು ನೋಡಿ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗರ ಹೆಸರು ಅಲ್ಲಿಗೆ ವರ್ಗವಾಗಿರುತ್ತದೆ. ಒಬ್ಬೊಬ್ಬರದೂ ನೋಡಬೇಕು.

ನಮೂನೆ 2ಬಿ ಅಂದರೆ ನಾಮಪತ್ರದ ಫಾರಂ. ಅದರಲ್ಲಿ ಮೊದಲ ಭಾಗ ಪಕ್ಷದವರಿಗೆ. ಅದನ್ನು ಹೊಡೆದು ಹಾಕಿ. ನಿಮ್ಮದು ಎರಡನೆಯ ಭಾಗ. ಅಲ್ಲಿ ಪ್ರತಿ ಸೂಚಕರ ಹೆಸರಿನ ಮುಂದೆ ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆಯಬೇಕು. ಗುರುತಿನ ಚೀಟಿಯ ನಂಬರ್ ಬರೆದುಬಿಟ್ಟು ಮುಗಿಯಿತು ಅಂದುಕೊಳ್ಳುವವರಿದ್ದಾರೆ. ಅದಲ್ಲ ಬೇಕಿರುವುದು. ಹೋದ ಚುನಾವಣೆಯ ಪಟ್ಟಿ ಇಟ್ಟುಕೊಂಡು ಬರೆಯಲೂ ಬೇಡಿ. ಪಟ್ಟಿ ಪರಿಷ್ಕರಣೆಯಾದಾಗ ನಂಬರುಗಳು ಬದಲಾಗುತ್ತವೆ. ಪಟ್ಟಿಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆಯಿರಿ. ಊರಲ್ಲಿ ಎಲ್ಲರೂ ನಾರಾಯಣಪ್ಪ ಅಂತ ಕರೆದರೂ ಪಟ್ಟಿಯಲ್ಲಿ ನಾರಾಯಣಸ್ವಾಮಿ ಅಂತಿದ್ದರೆ ನಾರಾಯಣಸ್ವಾಮಿಯೇ. ಸಣ್ಣ ಅಕ್ಷರ ದೋಷಕ್ಕೆ ನಾಮಪತ್ರ ತಿರಸ್ಕರಿಸಬಾರದು ಅಂತ ಕಾನೂನಿದೆ, ನಿಜ. ಆದರೆ ಪರಿಶೀಲನೆಯ ದಿನ ಎದುರಾಳಿಯ ವಕೀಲರ ಮುಂದೆ ಆ ವಾದ ಮಾಡುವ ಪರಿಸ್ಥಿತಿ ಯಾಕೆ ತಂದುಕೊಳ್ಳಬೇಕು?

ಹೆಬ್ಬೆಟ್ಟು ಒತ್ತುವವರೂ ಸೂಚಕರಾಗಬಹುದು. ಆದರೆ ಮನೆ ಜಗುಲಿಯ ಮೇಲೆ ಒತ್ತಿಸಿಕೊಂಡು ಬಂದರೆ ನಡೆಯುವುದಿಲ್ಲ. ಚುನಾವಣಾಧಿಕಾರಿ ಅಥವಾ ಅದಕ್ಕೆಂದು ಗೊತ್ತುಮಾಡಿದ ಅಧಿಕಾರಿಯ ಎದುರಿಗೇ ಒತ್ತಬೇಕು. ಊರಿನ ಹಿರಿಯಜ್ಜಿಯ ಆಶೀರ್ವಾದ ಅಂತ ಅವರ ಹೆಬ್ಬೆಟ್ಟು ತಂದ ನಾಮಪತ್ರಗಳು ಹೋಗಿರುವುದನ್ನು ನೋಡಿದ್ದೇನೆ. ಅಜ್ಜಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬನ್ನಿ, ಇಲ್ಲವೇ ಸಹಿ ಮಾಡಬಲ್ಲವರನ್ನು ಹಿಡಿಯಿರಿ.

ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರದವರೆಗೆ ಸಲ್ಲಿಸಬಹುದು. ಠೇವಣಿ ಒಂದೇ ಸಲ ಕಟ್ಟಿದರೆ ಸಾಕು. ನನ್ನ ಮಾತು ಕೇಳಿ, ನಾಲ್ಕನ್ನೂ ಸಲ್ಲಿಸಿ, ನಾಲ್ಕಕ್ಕೂ ಬೇರೆ ಬೇರೆ ಹತ್ತು ಜನರಿಂದ ಸಹಿ ಹಾಕಿಸಿ. ಒಂದರಲ್ಲಿ ತಪ್ಪಾದರೆ ಇನ್ನೊಂದು ಉಳಿಸುತ್ತದೆ. ಕಚೇರಿ ಹತ್ತಿರ ದುಡ್ಡು ಕೊಟ್ಟರೆ ಸಹಿ ಸಮೇತ ಫಾರಂ ತುಂಬಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಅವರ ಕಡೆ ತಿರುಗಿಯೂ ನೋಡಬೇಡಿ. ನಿಮ್ಮನ್ನು ನಂಬಿ ಸಹಿ ಹಾಕುವ ನಲವತ್ತು ಜನ ಕ್ಷೇತ್ರದಲ್ಲಿ ಇಲ್ಲದಿದ್ದರೆ ಇನ್ನೂ ಸ್ವಲ್ಪ ದಿನ ಊರು ಸುತ್ತಿ.

ಅಫಿಡವಿಟ್: ಒಂದು ಕಾಲಮ್ಮೂ ಖಾಲಿ ಬಿಡಬೇಡಿ

ನಮೂನೆ 26 ಅಂದರೆ ಆಸ್ತಿ, ಸಾಲ, ಕೇಸು, ಓದು ಎಲ್ಲದರ ಅಫಿಡವಿಟ್. ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ, ಖಾಲಿ ಬಿಡುವಂತಿಲ್ಲ. ಇಲ್ಲದಿದ್ದರೆ 'ಇಲ್ಲ' ಅಂತ, ಸಂಬಂಧಪಡದಿದ್ದರೆ 'ಅನ್ವಯಿಸುವುದಿಲ್ಲ' ಅಂತ ಬರೆಯಬೇಕು. ಅಡ್ಡಗೆರೆ ಎಳೆದರೆ ಸಾಲದು. ಈ ನಮೂನೆ 2019ರಲ್ಲಿ ಬದಲಾಗಿದೆ. ಈಗ ಐದು ವರ್ಷದ ಆದಾಯ ತೆರಿಗೆ ವಿವರವನ್ನೂ ಕೇಳುತ್ತಾರೆ. ಕೆಲವು ಜೆರಾಕ್ಸ್ ಅಂಗಡಿಗಳಲ್ಲಿ ಈಗಲೂ ಹಳೆಯ ನಮೂನೆಯನ್ನೇ ಕೊಡುತ್ತಾರೆ. ಚುನಾವಣಾಧಿಕಾರಿ ಕಚೇರಿಯಿಂದಲೇ ತೆಗೆದುಕೊಳ್ಳಿ.

ನಿಮ್ಮದಷ್ಟೇ ಅಲ್ಲ, ಹೆಂಡತಿ ಅಥವಾ ಗಂಡನದು, ನಿಮ್ಮನ್ನು ಅವಲಂಬಿಸಿದವರದು ಎಲ್ಲ ಬರೆಯಬೇಕು. ಚಿನ್ನದ ತೂಕ ಮತ್ತು ಬೆಲೆ. ಜಮೀನಿನ ಸರ್ವೆ ನಂಬರ್, ಎಕರೆ ಗುಂಟೆ, ಕೊಂಡ ಬೆಲೆ, ಈಗಿನ ಮಾರುಕಟ್ಟೆ ಬೆಲೆ. ಸೊಸೈಟಿಯ ಬೆಳೆ ಸಾಲ, ಒಡವೆ ಅಡವಿಟ್ಟ ಸಾಲ, ಹೆಂಡತಿ ಸ್ತ್ರೀಶಕ್ತಿ ಸಂಘದಲ್ಲಿ ತೆಗೆದ ಸಾಲ, ಯಾವುದನ್ನೂ ಮರೆಯಬೇಡಿ. ನೀರಾವರಿ ಹೋರಾಟದಲ್ಲಿ ರಸ್ತೆ ತಡೆದದ್ದಕ್ಕೆ ನಿಮ್ಮ ಮೇಲೆ ಕೇಸು ಇದ್ದರೆ ಅದನ್ನೂ ಬರೆಯಿರಿ. ನಾಚಿಕೆ ಪಡಬೇಕಾದ ವಿಷಯ ಅಲ್ಲ ಅದು. ಆದರೆ ಕೇಸು ಇದ್ದವರು ಪತ್ರಿಕೆಯಲ್ಲೂ ಟಿವಿಯಲ್ಲೂ ಮೂರು ಸಲ ಪ್ರಕಟಿಸಬೇಕು. ಅದರ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲಾಗಬಹುದು. ಪ್ರತಿ ಪುಟಕ್ಕೂ ನಿಮ್ಮ ಸಹಿ, ಪ್ರತಿ ಪುಟಕ್ಕೂ ನೋಟರಿ ಮುದ್ರೆ ಇರಲಿ.

ಅಫಿಡವಿಟ್‌ನಲ್ಲಿ ಕಾಲಮ್ ಬಿಟ್ಟುಹೋದರೆ ಪರಿಶೀಲನೆ ಶುರುವಾಗುವವರೆಗೆ ಹೊಸದು ಕೊಡಲು ಅವಕಾಶ ಇದೆ. ಸೂಚಕರ ಸಹಿಗೆ ಆ ಅವಕಾಶ ಇಲ್ಲ. ಕೊನೆಯ ದಿನದ ಮೂರು ಗಂಟೆ ಕಳೆದರೆ ಕಳೆದಂತೆ.

ಸಲ್ಲಿಸುವ ದಿನ

ಹಿಂದಿನ ದಿನದೊಳಗೆ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆದಿರಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಚೆಕ್ ನಡೆಯುವುದಿಲ್ಲ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಸಮಯ, ನಿಮ್ಮ ಜೊತೆ ನಾಲ್ಕು ಜನಕ್ಕೆ ಮಾತ್ರ ಪ್ರವೇಶ. ಆನ್‌ಲೈನಿನಲ್ಲಿ ತುಂಬಿದರೂ ಪ್ರಿಂಟ್ ತೆಗೆದು, ಸಹಿ ಮಾಡಿ, ಕೈಯಲ್ಲೇ ಕೊಡಬೇಕು. ಕೊನೆಯ ದಿನಕ್ಕೆ ಇಟ್ಟುಕೊಳ್ಳಲೇಬೇಡಿ. ಒಳ್ಳೆಯ ದಿನ, ರಾಹುಕಾಲ ಅಂತ ಕಾದು ಮೂರು ಗಂಟೆ ದಾಟಿಸಿಕೊಂಡವರಿದ್ದಾರೆ. ಮೊದಲ ಎರಡು ದಿನದಲ್ಲೇ ಕೊಟ್ಟುಬಿಡಿ, ತಪ್ಪಿದ್ದರೆ ಇನ್ನೊಂದು ಸೆಟ್ ಕೊಡಲು ಸಮಯ ಸಿಗುತ್ತದೆ. ಕೊಟ್ಟ ಮೇಲೆ ಅಲ್ಲೇ ಪ್ರಮಾಣವಚನ ತೆಗೆದುಕೊಳ್ಳಿ. ಪರಿಶೀಲನೆಯ ದಿನ ಬಂದು ತೆಗೆದುಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ, ಅದರ ಹಿಂದಿನ ದಿನದೊಳಗೆ ಮುಗಿದಿರಬೇಕು. ಏನೇನು ಕೊಟ್ಟಿದ್ದೀರಿ, ಏನು ಬಾಕಿ ಅಂತ ಬರೆದ ಚೆಕ್‌ಲಿಸ್ಟ್ ಕೇಳಿ ಪಡೆದುಕೊಂಡೇ ಹೊರಗೆ ಬನ್ನಿ.

ಫೋಟೊ 2 ಸೆಂಟಿಮೀಟರ್ ಅಗಲ, 2.5 ಎತ್ತರ, ಬಿಳಿ ಹಿನ್ನೆಲೆ, ಮೂರು ತಿಂಗಳೊಳಗಿನದು. ಟೋಪಿ, ಕಪ್ಪು ಕನ್ನಡಕ ಬೇಡ.

ಚಿಹ್ನೆಗೆ ಮುಕ್ತ ಚಿಹ್ನೆಗಳ, ಅಂದರೆ ಯಾವ ಮಾನ್ಯ ಪಕ್ಷಕ್ಕೂ ಮೀಸಲಿಲ್ಲದ ಚಿಹ್ನೆಗಳ, ಪಟ್ಟಿಯಿಂದ ಮೂರು ಆರಿಸಿ ಬರೆಯಬೇಕು. ಮನೆಯಲ್ಲೋ ಬೀದಿಯಲ್ಲೋ ದಿನಾ ಕಣ್ಣಿಗೆ ಬೀಳುವ ವಸ್ತುವನ್ನೇ ಆರಿಸಿ. ಹೆಸರು ಹೇಳಿದ ತಕ್ಷಣ ಅಜ್ಜಿಗೂ ಗೊತ್ತಾಗಬೇಕು. ಒಂದೇ ಚಿಹ್ನೆಯನ್ನು ಇಬ್ಬರು ಪಕ್ಷೇತರರು ಕೇಳಿದರೆ ಚೀಟಿ ಎತ್ತುತ್ತಾರೆ. ಆದ್ದರಿಂದ ಚಿಹ್ನೆ ಸಿಗುವ ಮೊದಲೇ ಕರಪತ್ರ ಅಚ್ಚು ಹಾಕಿಸಬೇಡಿ. ನಾಮಪತ್ರ ವಾಪಸಾತಿ ಮುಗಿದ ಮೇಲೇ ಚಿಹ್ನೆ ಕೊಡುವುದು. 2023ರಲ್ಲಿ ವಾಪಸಾತಿಗೆ ಏಪ್ರಿಲ್ 24 ಕೊನೆ, ಮೇ 10ಕ್ಕೆ ಮತದಾನ. ಜನರಿಗೆ ಚಿಹ್ನೆ ಪರಿಚಯ ಮಾಡಿಸಲು ಸಿಕ್ಕಿದ್ದು ಎರಡೇ ವಾರ. ಮತಯಂತ್ರದಲ್ಲಿ ಪಕ್ಷದವರ ಹೆಸರು ಮೇಲಿರುತ್ತದೆ, ಪಕ್ಷೇತರರದು ಕೆಳಗೆ. ನಿಮ್ಮ ಕ್ರಮ ಸಂಖ್ಯೆಯನ್ನೂ ಜನರ ಬಾಯಲ್ಲಿ ಹೇಳಿಸಿ. ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು.

ಪ್ರಚಾರ ಹೇಗೆ ಮಾಡಬೇಕು ಅಂತ ನಾನು ಹೇಳಬೇಕಿಲ್ಲ. ಆದರೆ ಬ್ಯಾನರಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಬೂತ್ ಏಜೆಂಟರ ಓಡಾಟಕ್ಕೆ ಇಡಿ. ಮತದಾನ ಶುರುವಾಗುವ ಮೊದಲು ಅಣಕು ಮತದಾನ ಇರುತ್ತದೆ, ಆಗ ನಿಮ್ಮವರು ಅಲ್ಲಿರಬೇಕು. ಸಂಜೆ ಎಷ್ಟು ಮತ ಬಿತ್ತು ಅನ್ನುವ ನಮೂನೆ 17ಸಿಯ ಪ್ರತಿಯನ್ನು ಕೈಗೆ ಪಡೆದೇ ಅವರು ಹೊರಡಬೇಕು.

ಖರ್ಚಿನ ಮಿತಿ 40 ಲಕ್ಷ ರೂಪಾಯಿ. ನಿಮ್ಮದು ಎರಡು ಲಕ್ಷವೇ ಆಗಿದ್ದರೂ ಲೆಕ್ಕ ಕೊಡಬೇಕು. ಟೀ ಅಂಗಡಿಯ ಬಿಲ್ಲಿನಿಂದ ಹಿಡಿದು ಆಟೋ ಮೈಕಿನ ಬಾಡಿಗೆಯವರೆಗೆ ಆಯಾ ದಿನವೇ ಪುಸ್ತಕದಲ್ಲಿ ಬರೆಸಿ. ಸೋತವರು ಬೇಸರದಲ್ಲಿ ಪುಸ್ತಕ ಮೂಲೆಗೆ ಎಸೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು. ಆಮೇಲೆ ಉಪಚುನಾವಣೆ ಬಂದರೂ ನಿಲ್ಲಲಾಗದು. ಎಣಿಕೆ ಮುಗಿದ ವಾರದಲ್ಲೇ ಬಿಲ್ಲುಗಳನ್ನೆಲ್ಲ ಜೋಡಿಸಿ, ಲೆಕ್ಕ ಸಲ್ಲಿಸಿ, ಸ್ವೀಕೃತಿ ಪತ್ರವನ್ನು ಪಹಣಿ ಇಡುವ ಪೆಟ್ಟಿಗೆಯಲ್ಲೇ ಭದ್ರವಾಗಿ ಇಡಿ.