ತವರಿನ ಜಾಡು ಹಿಡಿದು ಅತ್ತೆಯ ಮೂಲಜ್ಜಿಯನ್ನು ಹುಡುಕಿದ ಕಥೆ

ಕೊನೆಗೂ ಸಿಕ್ಕಳು. ನಮ್ಮ ಅತ್ತೆಗೆ ತಾಯಿಯ ಕಡೆಯಿಂದ ಏಳು ತಲೆ ಹಿಂದಿನ ಅಜ್ಜಿ. ಅಮೆರಿಕದ ವರ್ಜೀನಿಯಾ ಬಿಟ್ಟು, ಕಂಬರ್ಲೆಂಡ್ ಗ್ಯಾಪ್ ಅನ್ನುವ ಬೆಟ್ಟದ ಕಣಿವೆ ದಾಟಿ, ಕೆಂಟಕಿಯ ಕಾಡಿನಲ್ಲಿ ಮನೆ ಕಟ್ಟಿದವಳು. ಮನೆಯವರು ಹೆಸರು ಹಾಕಬೇಡ ಎಂದಿದ್ದಾರೆ. ಹಾಗಾಗಿ ಮೂಲಜ್ಜಿ ಅಂತಲೇ ಕರೆಯುತ್ತೇನೆ.

ಅತ್ತೆಯ ಅಣ್ಣ ಇವಳಿಗಾಗಿ ಸುಮಾರು ಮೂವತ್ತು ವರ್ಷ ಹುಡುಕಿ ಕೈಬಿಟ್ಟಿದ್ದರು. ನಾನು ಶುರು ಮಾಡಿದಾಗ, ‘ಗಂಡನ ಮನೆ ಸಿಗುತ್ತೆ, ತವರು ಸಿಗಲ್ಲ, ಸುಮ್ನೆ ದುಡ್ಡು ಕಳೀಬೇಡ’ ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. 1850ಕ್ಕೆ ಮೊದಲಿನ ಜನಗಣತಿಯಲ್ಲಿ ಯಜಮಾನನ ಹೆಸರು ಬಿಟ್ಟರೆ ಬೇರೆಯವರ ಹೆಸರಿಲ್ಲ. ಕೆಂಟಕಿಯ 1790, 1800ರ ಪಟ್ಟಿಗಳಂತೂ ಉಳಿದೇ ಇಲ್ಲ.

ಮೊದಲ ಎರಡು ವರ್ಷ ಹಾಳಾಯಿತು. ಯಾರೋ ಆನ್‌ಲೈನಿನಲ್ಲಿ ಹಾಕಿದ್ದ ವಂಶವೃಕ್ಷ ನಂಬಿ ಬೇರೆ ಹೆಂಗಸನ್ನು ನಮ್ಮ ಅಜ್ಜಿ ಮಾಡಿಬಿಟ್ಟೆ. ಅದೇ ಹೆಸರು, ಅದೇ ಕೌಂಟಿ (ಅಂದರೆ ಜಿಲ್ಲೆ), ವಯಸ್ಸೂ ಹೊಂದುತ್ತಿತ್ತು. ಅದನ್ನು ಪ್ರಿಂಟ್ ಮಾಡಿಸಿ ಅತ್ತೆಯ ಹುಟ್ಟುಹಬ್ಬಕ್ಕೆ ಫ್ರೇಮ್ ಹಾಕಿಸಿ ಕೊಟ್ಟೆ. ಫ್ರೇಮಿಗೇ ನೂರಿಪ್ಪತ್ತು ಡಾಲರ್. ಆಮೇಲೆ ಆ ಹೆಂಗಸಿನ ಅಪ್ಪನ ಉಯಿಲು ಓದಿದರೆ ಅಳಿಯನೇ ಬೇರೆ! ಗೋಡೆಯಿಂದ ಅದನ್ನು ನಾನೇ ಇಳಿಸಬೇಕಾಯಿತು. ಅತ್ತೆ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಜಾಸ್ತಿ ನೋವಾಗಿದ್ದು.

ಆಮೇಲೆ ಏಳುನೂರು ಡಾಲರ್ ಕೊಟ್ಟು ಒಬ್ಬ ವೃತ್ತಿಪರರನ್ನು ಹಿಡಿದೆ. ಅವರು ಕಳಿಸಿದ್ದು ಅದೇ ತಪ್ಪು ವೃಕ್ಷ, ಹನ್ನೆರಡು ಪುಟದಲ್ಲಿ. ವೆಬ್‌ಸೈಟುಗಳ ಚಂದಾ ವರ್ಷಕ್ಕೆ ಮುನ್ನೂರರ ಹತ್ತಿರ, ಮೂರು ವರ್ಷ ಕಟ್ಟಿದ್ದೇನೆ. ಎಲ್ಲ ಸೇರಿ ಎರಡು ಸಾವಿರದ ಮೇಲೆ ಹೋಗಿದೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಬಹುಪಾಲು ಪುಕ್ಕಟೆ ಸಿಗುವ ಕಾಗದಗಳು.

ದಾರಿ ಹೊಳೆದದ್ದು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ. ಯಾರದೋ ಸೊಸೆ ಯಾರು ಅಂತ ಗೊತ್ತಾಗದೆ ಅಮ್ಮ, ‘ಅವಳ ಅಣ್ಣತಮ್ಮಂದಿರು ಯಾರೇ?’ ಅಂದರು. ಹೌದಲ್ವಾ! ಅವಳನ್ನು ಹುಡುಕುವುದು ಬಿಟ್ಟು ಅವಳ ಗಂಡನ ಭಾವಮೈದುನರನ್ನು ಹುಡುಕಬೇಕು ಅಂದುಕೊಂಡೆ. ಆ ಕಾಲದಲ್ಲಿ ಒಂಟಿಯಾಗಿ ಕಾಡಿಗೆ ಬಂದವರು ಕಡಿಮೆ. ನೆಂಟರೆಲ್ಲ ಗುಂಪಾಗಿ ಬರುತ್ತಿದ್ದರು.

ಮೊದಲು ಉತ್ತರ ಗೊತ್ತಿರುವ ಕಡೆ ಪರೀಕ್ಷೆ ಮಾಡಿದೆ. ಕೆಂಟಕಿಗೆ ಮೊದಮೊದಲು ಜನರನ್ನು ಕರೆತಂದವರಲ್ಲಿ ಹೆಸರಾದ ಡೇನಿಯಲ್ ಬೂನನ ಹೆಂಡತಿ ರೆಬೆಕಾ. ಹುಟ್ಟಿದ್ದು 1739ರಲ್ಲಿ, ಮದುವೆ 1756ರಲ್ಲಿ, ನಾರ್ತ್ ಕ್ಯಾರೊಲಿನಾದ ಯಾಡ್ಕಿನ್ ನದಿಯ ಕಡೆ. ತವರಿನ ಹೆಸರು ಬ್ರಯಾನ್. ಅದು ನನಗೆ ಗೊತ್ತೇ ಇಲ್ಲ ಅಂದುಕೊಂಡು ಬೂನನ ಅಕ್ಕಪಕ್ಕ ಯಾರಿದ್ದಾರೆ ನೋಡಿದೆ. ಅವನ ತಂಗಿ ಮೇರಿಯನ್ನು ಕೊಟ್ಟಿದ್ದು ವಿಲಿಯಂ ಬ್ರಯಾನನಿಗೆ. ತಮ್ಮ ಎಡ್ವರ್ಡ್ ಮದುವೆಯಾಗಿದ್ದು ಮಾರ್ತಾ ಬ್ರಯಾನಳನ್ನು. ಲೆಕ್ಸಿಂಗ್ಟನ್ ಹತ್ತಿರದ ಕೋಟೆಯ ಹೆಸರೂ ಬ್ರಯಾನ್ಸ್ ಸ್ಟೇಷನ್. ನಮ್ಮ ಕಡೆಯ ಕೊಟ್ಟು ತರುವ ಸಂಬಂಧದ ಹಾಗೇ! ಒಂದು ತಿಂಗಳ ರಾತ್ರಿಗಳು ಹೋದವು, ಆದರೆ ಧೈರ್ಯ ಬಂತು.

ಆಮೇಲೆ ಕೆಂಟಕಿಯಲ್ಲಿ ನಮ್ಮವರಿದ್ದ ಮ್ಯಾಡಿಸನ್ ಕೌಂಟಿಯ ತೆರಿಗೆ ಪಟ್ಟಿ ಹಿಡಿದೆ. ಹೆಸರುಗಳು ಅಕ್ಷರದ ಕ್ರಮದಲ್ಲಿರುವುದರಿಂದ ನೆರೆಹೊರೆ ತಿಳಿಯಲ್ಲ ಅಂತ ಎಲ್ಲರೂ ಬಿಡುತ್ತಾರೆ. ಆದರೆ ಅಂಚಿನಲ್ಲಿ ದಿನಾಂಕದ ಕಾಲಮ್ ಇದೆ, ನೋಡಿ. ತೆರಿಗೆಯವನು ಸಾಮಾನ್ಯವಾಗಿ ಒಂದು ದಿನ ಒಂದು ಕಡೆಯವರ ಹೆಸರು ಬರೆದುಕೊಳ್ಳುತ್ತಿದ್ದ. ಒಂದೇ ದಿನಾಂಕದವರು ಅಕ್ಕಪಕ್ಕದವರಾಗಿರುವ ಸಾಧ್ಯತೆ ಹೆಚ್ಚು. ಏಳು ವರ್ಷದ ಪಟ್ಟಿಗಳನ್ನು ಎಕ್ಸೆಲ್‌ಗೆ ಹಾಕಿ, ಹೆಸರಿನ ಬದಲು ದಿನಾಂಕದ ಮೇಲೆ ಜೋಡಿಸಿದೆ. ಸಾವಿರದ ನಾನೂರು ಸಾಲು ಇರಬಹುದು. ಒಂದು ವರ್ಷ ಬಿಟ್ಟು ಉಳಿದೆಲ್ಲ ವರ್ಷ ಒಂದೇ ಮನೆತನದ ಹೆಸರು ನಮ್ಮವರ ಜೊತೆ ಬಂತು.

ಮೂಲಜ್ಜಿಯ ಪಿಂಚಣಿ ಕಡತವನ್ನು ಆಗ ಮತ್ತೆ ತೆಗೆದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿ, 1794ಕ್ಕೆ ಮೊದಲು ಮದುವೆಯಾದ ಸೈನಿಕರ ವಿಧವೆಯರಿಗೆ 1838ರ ಕಾನೂನು ಪಿಂಚಣಿ ಕೊಟ್ಟಿತು. ಆದರೆ ಮದುವೆಯನ್ನು ಸಾಬೀತು ಮಾಡಬೇಕು. ಅವಳಿಗೆ ಸಾಕ್ಷಿ ಹೇಳಿದ ಮುದುಕನ ಹೆಸರನ್ನು ನಾನು ಎಷ್ಟೋ ಸಲ ಓದಿದ್ದೆ. ಅದೇ ಮನೆತನದವನು! ‘ಮದುವೆಯ ದಿನ ಅಲ್ಲೇ ಇದ್ದೆ’ ಅಂದಿದ್ದಾನೆ, ಅಣ್ಣ ಅಂತ ಮಾತ್ರ ಹೇಳಿಲ್ಲ. ಕೆಳಗೆ ರುಜುವಿನ ಬದಲು ಮೂಲಜ್ಜಿ ಹಾಕಿದ ಗುರುತು, ಒಂದು ಗೀಟಿನ ಮೇಲೆ ಇನ್ನೊಂದು ಅಡ್ಡಗೀಟು. ಎರಡನೇ ಗೀಟು ನಡುವೆ ನಡುಗಿ, ಶಾಯಿ ಒಂದು ಕಡೆ ಗಂಟಾಗಿದೆ.

1792ರವರೆಗೆ ಕೆಂಟಕಿ ವರ್ಜೀನಿಯಾಕ್ಕೇ ಸೇರಿತ್ತು. ಇವರು ಹೊರಟಿದ್ದೂ ಅಲ್ಲಿನ ಅಗಸ್ಟಾ ಕೌಂಟಿಯಿಂದ. ಅಲ್ಲಿನ ಚಾನ್ಸರಿ ಕೋರ್ಟಿನ ಆಸ್ತಿ ವ್ಯಾಜ್ಯಗಳನ್ನು ವರ್ಜೀನಿಯಾದ ರಾಜ್ಯ ಗ್ರಂಥಾಲಯ ಸ್ಕ್ಯಾನ್ ಮಾಡಿ ಇಟ್ಟಿದೆ. ಆ ಮನೆತನದ ನಲವತ್ತು ಕೇಸಾದರೂ ಓದಿದ್ದೇನೆ. ಹಳೆ ಕೈಬರಹದಲ್ಲಿ ಒಂದು ಹೆಸರನ್ನು ಎಷ್ಟು ಬಗೆಯಲ್ಲಿ ಹುಡುಕಬೇಕು ಅನ್ನುವ ನನ್ನ ಪಟ್ಟಿಯನ್ನು ಸದ್ಯಕ್ಕೆ ಕೊಡುವುದಿಲ್ಲ, ಅದಕ್ಕೆ ತುಂಬಾ ಕಷ್ಟಪಟ್ಟಿದ್ದೇನೆ. ಕೊನೆಗೆ ತೀರಿಹೋದ ಅಪ್ಪನ ಜಮೀನಿನ ಜಗಳ ಸಿಕ್ಕಿತು. ವಾರಸುದಾರರ ಸಾಲಿನಲ್ಲಿ ಸಾಕ್ಷಿ ಹೇಳಿದ ಆ ಅಣ್ಣ. ಅವನ ಕೆಳಗೆ ನಮ್ಮ ಅಜ್ಜ, ಮತ್ತು ‘ಅವನ ಹೆಂಡತಿ’ ಅಂತ ನಮ್ಮ ಮೂಲಜ್ಜಿ. ರಾತ್ರಿ ಎರಡು ಗಂಟೆ. ಗಂಡನನ್ನು ಎಬ್ಬಿಸಿ ತೋರಿಸಿದೆ.

ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯಾ ಡಿಎನ್‌ಎ ಪರೀಕ್ಷೆಯನ್ನು ಅತ್ತೆಗೆ ಮೊದಲೇ ಮಾಡಿಸಿದ್ದೆ. ನೂರರವತ್ತು ಡಾಲರ್. ಅದೊಂದರಿಂದ ಏನೂ ತಿಳಿದಿರಲಿಲ್ಲ, ಹೊಂದಿಕೆ ಬಂದರೂ ಸಾವಿರಾರು ವರ್ಷ ಹಿಂದಿನದಿರಬಹುದು. ಈಗ ಮೂಲಜ್ಜಿಯ ಅಕ್ಕನಿಂದ ಮಗಳು, ಮಗಳ ಮಗಳು ಅಂತ ಇಳಿದು ಬಂದು ಮಿಸೌರಿಯ ಒಬ್ಬರನ್ನು ಹುಡುಕಿ, ಅವರ ಖರ್ಚನ್ನೂ ನಾನೇ ಕೊಟ್ಟೆ. ಎರಡು ತಿಂಗಳ ಮೇಲೆ ಫಲಿತಾಂಶ ಬಂತು. ಪೂರ್ತಿ ಹೊಂದಿತು. ಕಾಗದ ಒಂದು ಕಡೆ, ಇದು ಒಂದು ಕಡೆ. ಇನ್ನು ಅನುಮಾನವಿಲ್ಲ.

ನಡುವೆ ನಮ್ಮಜ್ಜಿಯ ಮೇಲೂ ಇದನ್ನು ಮಾಡಿ ನೋಡಿದೆ. ಅರಸೀಕೆರೆ ಕಡೆಯ ಹಳೇ ಕ್ರಯಪತ್ರ ಒಂದರಲ್ಲಿ ತಾತನ ಪರ ಸಾಕ್ಷಿ ರುಜು ಹಾಕಿದವರು ಅಜ್ಜಿಯ ಅಣ್ಣ! ಅದನ್ನು ಬೇರೆಯಾಗಿ ಬರೆಯುತ್ತೇನೆ.

ಅತ್ತೆಯ ಅಣ್ಣ ಎಲ್ಲವನ್ನೂ ಓದಿ, ಮರುವಾರವೇ ತಮ್ಮ ಕಾಗದಗಳನ್ನು ಮೂರು ಡಬ್ಬದಲ್ಲಿ ನನಗೆ ಕಳಿಸಿದರು. ಮೊದಲ ಡಬ್ಬದಲ್ಲೇ ಅದೇ ತೆರಿಗೆ ಪಟ್ಟಿಯ ಜೆರಾಕ್ಸ್ ಇತ್ತು. ಪುಟ ದೊಡ್ಡದಾಯಿತು ಅಂತ ಯಾರೋ ಅಂಚು ಮಡಚಿ ತೆಗೆದಿದ್ದಾರೆ. ದಿನಾಂಕದ ಕಾಲಮ್ ಅದರಲ್ಲಿ ಬಂದೇ ಇಲ್ಲ.